ಬಿಟ್ಟುಹೋದ ಒತ್ತು

ಪ್ರೂಫ್ ಮೇಷ್ಟ್ರ ಕಣ್ಣಿಗೆ ಬಿದ್ದ ತಪ್ಪು ಉಳಿದುಕೊಂಡದ್ದೇ ಇಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಪ್ರೆಸ್ಸಿನಲ್ಲಿ ಕೂತು ಮಂತ್ರಿಗಳ ಭಾಷಣಕ್ಕೂ ದೀರ್ಘ ಹಾಕಿದವರು, ಕೊಂಬು ಕಿತ್ತವರು. ಈ ಊರಿನ ಭಾಷೆಯನ್ನು ಈ ಊರಿನವರಿಗೇ ತಿದ್ದಿಕೊಟ್ಟ ಮನುಷ್ಯ ಈಗ ಹೊರಗಿನವನಂತೆ, ಏನು ಹೇಳೋಣ! ದೊರೆಗಳ ಕಾಲದಲ್ಲಿ ಇದೇ ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸಲು ಅವರ ತಾತನನ್ನು ಹಡಗು ಹತ್ತಿಸಿ ಕರೆತಂದಿದ್ದರು. ದೊರೆಗಳು ಹೋದರು, ತಾತನೂ ಹೋದ. ಹಡಗಿನಲ್ಲಿ ಬಂದವರು ಎಂಬ ಮಾತನ್ನು ಮಾತ್ರ ಊರು ಇನ್ನೂ ಬಿಟ್ಟಿಲ್ಲ.

ಅವತ್ತು ಬೆಳಿಗ್ಗೆ, ವಾರ್ಡ್ ಆಫೀಸಿನಲ್ಲಿ ಜವಾನನಾಗಿದ್ದ ಹೆಂಡತಿಯ ತಮ್ಮ ಏದುಸಿರು ಬಿಡುತ್ತಾ ಬಂದ.

"ಭಾವಾ, ಮನೆ ಖಾಲಿ ಮಾಡಿಸೋ ಹೊರಗಿನವರ ಪಟ್ಟಿ ಇವತ್ತು ನಿಮ್ಮ ಪ್ರೆಸ್ಸಿಗೇ ಬರುತ್ತೆ. ನಿಮ್ಮ ಹೆಸರೂ ಇದೆ."

ಅವನ ಅಕ್ಕ ಕಿಟಕಿಯ ಪರದೆಗೆಂದು ಅಳೆಯುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟುಬಿಟ್ಟಳು.

"ಅಳಬೇಡ ಅಕ್ಕಾ, ಪೂರ್ತಿ ಕೇಳು. ಟೈಪ್ ಮಾಡಿದೋನು ಮನೆತನದ ಹೆಸರಲ್ಲಿ ಒತ್ತು ನುಂಗಿಹಾಕಿದ್ದಾನೆ. ಒತ್ತಿಲ್ಲದಿದ್ರೆ ಅದು ಇಲ್ಲಿಯವರದೇ ಹೆಸರು! ಅಚ್ಚಾದ ಹೆಸರು ವಾರ್ಡಿನ ಮನೆ ರಿಜಿಸ್ಟರಿಗೆ ತಾಳೆಯಾಗದಿದ್ರೆ ಬೀಗ ಹಾಕೋ ಹಾಗಿಲ್ಲ. ಹೊಸ ಪಟ್ಟಿಗೆ ಎರಡು ವರ್ಷ ಬೇಕು, ಅಷ್ಟರಲ್ಲಿ ಮಗಳ ಓದು ಮುಗಿಯುತ್ತೆ. ದಮ್ಮಯ್ಯ ಭಾವಾ, ಅದೊಂದನ್ನ ತಿದ್ದಬೇಡಿ."

"ಅಷ್ಟೂ ತಿಳಿಯಲ್ವೇನೋ ನಂಗೆ?" ಮೇಷ್ಟ್ರು ರೇಗಿದರು.

"ತಿಳಿಯುತ್ತೆ, ಕೈ ಕೇಳಬೇಕಲ್ಲ!" ಹೆಂಡತಿ ಕಣ್ಣೊರೆಸಿಕೊಂಡಳು. "ಮದುವೆಯಾದ ಹೊಸದರಲ್ಲಿ ತವರಿಂದ ನಾನು ಬರೆದ ಕಾಗದಾನೇ ಕೆಂಪು ಶಾಯೀಲಿ ತಿದ್ದಿ ವಾಪಸ್ ಕಳಿಸಿದ ಮಹಾರಾಯರು ನೀವು."

ಹನ್ನೊಂದು ಗಂಟೆಗೆ ಪಟ್ಟಿ ಮೇಜಿಗೆ ಬಂತು. ನಾನೂರು ಹೆಸರು. ಉಳಿದವುಗಳಲ್ಲಿ, ಪುಣ್ಯವೋ ಪಾಪವೋ, ಒಂದು ತಪ್ಪೂ ಸಿಗಲಿಲ್ಲ. ಆಮೇಲೆ ಆ ಸಾಲು ಬಂತು. ಒತ್ತಿಲ್ಲದ ಅವರದೇ ಹೆಸರು, ಹಲ್ಲು ಬಿದ್ದ ಬಾಯಿಯ ಹಾಗೆ. ಕೆಂಪು ಪೆನ್ನಿನ ಕೈ ತಾನಾಗಿ ಮೇಲೆದ್ದಿತು. ಮೇಷ್ಟ್ರು ಅದನ್ನು ಎಡಗೈಯಿಂದ ಅದುಮಿ ಹಿಡಿದರು. ಕೊನೆಗೆ 'ತಪ್ಪಿಲ್ಲ, ಅಚ್ಚಿಗೆ ಕೊಡಬಹುದು' ಎಂದು ಬರೆದು ಸಹಿ ಹಾಕಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸುಳ್ಳು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು. ಮಧ್ಯಾಹ್ನ ಡಬ್ಬಿಯಲ್ಲಿ ಒಂದಗುಳೂ ಬಿಡದೆ ಉಂಡರು.

ಸಂಜೆ ಹೊರಡುವಾಗ ಸಹಾಯಕಿ ಬಾಗಿಲಲ್ಲಿ ನಿಂತಿದ್ದಳು. ಇಲ್ಲಿಯವರ ಹುಡುಗಿ, ಒಂಬತ್ತು ವರ್ಷ ಮೇಷ್ಟ್ರ ಪಕ್ಕದಲ್ಲೇ ಕೂತು ಕೆಲಸ ಕಲಿತವಳು. ಕೈಯಲ್ಲಿ ಅಚ್ಚಾದ ಹಾಳೆ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ನಮ್ಮ ಜನಾನೇ ಹೀಗೆ ಮಾಡ್ತಿದ್ದಾರಲ್ಲ ಸಾರ್, ನಿಮಗೆ ಮುಖ ತೋರಿಸೋಕೂ ನಾಚಿಕೆ ನಂಗೆ. ಇದನ್ನ ನಿಲ್ಲಿಸೋಕಂತೂ ನನ್ನ ಕೈಲಾಗಲ್ಲ."

"ನೀನೇನು ಮಾಡ್ತೀಯಮ್ಮ, ಬಿಡು."

"ಒಂದು ಕೆಲಸ ಮಾಡಿದೀನಿ ಸಾರ್. ನಿಮ್ಮ ಹೆಸರಲ್ಲೇ ಒತ್ತು ಬಿಟ್ಟುಹೋಗಿತ್ತು. ಸಂಕಟದಲ್ಲಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಪಾಪ. ಮಷೀನಿಗೆ ಹೋಗೋ ಮುಂಚೆ ಓಡಿಹೋಗಿ ಹಾಕಿಸಿದೆ. ಹೆಸರು ತಪ್ಪಾಗಿ ಬರೆಯೋದು ಮನುಷ್ಯನಿಗೆ ಮಾಡೋ ಅವಮಾನ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

ಒಳಗೆ ಮಷೀನು ನಿಂತುಹೋಗಿತ್ತು. ಪಟ್ಟಿಯ ಕಟ್ಟುಗಳನ್ನು ಹೊತ್ತ ವ್ಯಾನು ಗೇಟು ದಾಟುತ್ತಿತ್ತು. ಮೇಷ್ಟ್ರು ಹಾಳೆ ತೆಗೆದುಕೊಂಡು ಕನ್ನಡಕ ಏರಿಸಿದರು. ಒತ್ತು ಇತ್ತು, ಇರಬೇಕಾದ ಕಡೆಯೇ ಇತ್ತು. ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು.

"ಸರಿಯಾಗಿದೆಯಮ್ಮ," ಎಂದರು. "ಒಂದೂ ತಪ್ಪಿಲ್ಲ."

ಮನೆಯ ಹೊಸ್ತಿಲಲ್ಲೇ ಹೆಂಡತಿ ಅಡ್ಡಗಟ್ಟಿದಳು. "ತಿದ್ದಲಿಲ್ಲ ತಾನೇ?"

"ನಾನು ತಿದ್ದಲಿಲ್ಲ ಕಣೆ."

"ಅಬ್ಬಾ, ಬದುಕಿಕೊಂಡ್ವಿ!" ಅವಳು ಮಡಿಸಿಟ್ಟಿದ್ದ ಪರದೆಯ ಬಟ್ಟೆಯನ್ನು ಹೊರತೆಗೆದಳು. "ಹಿಡ್ಕೊಳ್ಳಿ ಈ ತುದೀನ, ಕಿಟಕಿ ಅಳತೆ ನೋಡೋಣ."

ಮೇಷ್ಟ್ರು ಬಟ್ಟೆಯ ತುದಿ ಹಿಡಿದು ನಿಂತರು.