ಸರ್ವಮಂಗಳಮ್ಮ ಕೂತ ಕುರ್ಚಿ

ನಾನು ಒಂದು ಮರದ ಕುರ್ಚಿ. ಮಂಡ್ಯದ ಬಡಗಿ ನಂಜುಂಡಾಚಾರ್ ನನ್ನನ್ನು ಹೊನ್ನೆ ಮರದಲ್ಲಿ ಮಾಡಿ, ತೋಳುಗಳನ್ನು ತಾವೇ ಉಜ್ಜಿ ನುಣುಪು ಮಾಡಿದರು. ಅಲ್ಲಿಂದ ನಾನು ಬಂದದ್ದು ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ. ಮಹಡಿಯ ಮೇಲೆ ಹೊಲಿಗೆಯ ಹಾಲ್, ಅದರ ಪಕ್ಕದಲ್ಲೇ ಮ್ಯಾನೇಜರ್ ಕೋಣೆ.

ಹೊಲಿಯುವವರೆಲ್ಲ ಹೆಂಗಸರು. ನನ್ನ ಮೇಲೆ ಕೂತವರು ಮಾತ್ರ ಬಹಳ ವರ್ಷ ಗಂಡಸರೇ. ಕೊನೆಗೊಂದು ದಿನ ಸರ್ವಮಂಗಳಮ್ಮ ಬಂದರು. ಅದೇ ಹಾಲ್‌ನಲ್ಲಿ ಕಾಲರ್ ಹೊಲಿಯುತ್ತಿದ್ದವರು, ಸೂಪರ್‌ವೈಸರ್ ಆಗಿ, ಈಗ ಮ್ಯಾನೇಜರ್ ಆಗಿದ್ದರು. ಕೂರುವ ಮೊದಲು ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಂಥ ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ಆ ಸಂತೋಷ ಉಳಿಯಲಿಲ್ಲ. ದಿನಾ ಜೊತೆಯಲ್ಲಿ ಉಣ್ಣುತ್ತಿದ್ದ ಗೆಳತಿ ನಿಂಗಮ್ಮ ಈಗ ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಒಳಗ್ ಬಾರೇ, ಕೂತ್ಕೊ."

"ಬ್ಯಾಡ ಬುಡಿ ಮೇಡಮ್ಮೋರೆ. ನಿಂತ್ಕಂಡೇ ಯೋಳ್ತೀನಿ."

ಅವಳು ಹೋದ ಮೇಲೆ ಸರ್ವಮಂಗಳಮ್ಮ ಊಟದ ಡಬ್ಬಿ ತೆರೆದು, ತುತ್ತು ತಿನ್ನದೆ ಮುಚ್ಚಿದರು. ಹೊಲಿಯುವವರ ಕಣ್ಣಿಗೆ ಅವರು ಮಾಲೀಕರ ಕಡೆಯವರು. ಮಾಲೀಕರಿಗೋ, ಎಷ್ಟಾದರೂ ಮಿಷನ್ನಿನ ಮುಂದಿನಿಂದ ಎದ್ದು ಬಂದವರು.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರಿನಲ್ಲಿ ಮಿಷನ್ನುಗಳು ಓಡಿದವು, ಫ್ಯಾನುಗಳು ಓಡಲಿಲ್ಲ. ತಗಡಿನ ಛಾವಣಿ ಕಾದಿತ್ತು. ಮಾಲೀಕರು ಫೋನಿನಲ್ಲಿ, "ಸಂಜೆ ಲಾರಿ ಹೋಗ್ಬೇಕು, ಏನೇ ಆದ್ರೂ ಕೆಲಸ ನಿಲ್ಲಿಸ್ಬೇಡಿ" ಎಂದರು. ಅಷ್ಟರಲ್ಲಿ ಭಾಗ್ಯ ಎಂಬ ಬಸುರಿ ಮಿಷನ್ನಿನ ಮೇಲೆಯೇ ಕುಸಿದಳು.

ಸರ್ವಮಂಗಳಮ್ಮ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು. "ಎಲ್ರೂ ಕೆಳಗಿಳೀರಿ, ನೆರಳಿಗ್ ಹೋಗಿ! ನಿಂಗಿ, ನನ್ ಕುರ್ಚಿ ತಗೊಂಬಾ!"

ಭಾಗ್ಯಳನ್ನು ನನ್ನ ಮೇಲೆ ಕೂರಿಸಿ, ಗೆಳತಿಯರಿಬ್ಬರೂ ಎರಡು ಕಡೆ ಹಿಡಿದು ಮೆಟ್ಟಿಲಿಳಿದರು. ತಿರುವಿನಲ್ಲಿ ಗೋಡೆಗೆ ಬಡಿದು ನನ್ನ ಕಾಲು ಸೀಳಿತು. ಆಟೋ ಬರುವವರೆಗೆ ಹೇಗೋ ತಡೆದುಕೊಂಡೆ. ಭಾಗ್ಯ ಉಳಿದಳು, ಹೊಟ್ಟೆಯಲ್ಲಿದ್ದ ಕೂಸೂ ಉಳಿಯಿತು.

ಮರುದಿನ ಮಾಲೀಕರೇ ಬಂದರು. "ನಿಮ್ಮನ್ನ ಮ್ಯಾನೇಜರ್ ಮಾಡಿದ್ದು ಇದಕ್ಕೇನಮ್ಮ?"

"ಇದಕ್ಕೇ ಅಂದ್ಕೊಂಡಿದ್ದೆ ಸಾರ್."

ಅಂದೇ ಅವರನ್ನು ಕೆಲಸದಿಂದ ತೆಗೆದರು. ನಿಂಗಮ್ಮ ಕೋಣೆಯೊಳಗೆ ಬಂದು ಅತ್ತಳು. "ಇಂಥಾ ಕೆಲ್ಸ ಕಳ್ಕಂಡ್ಯಲ್ಲೇ ಮಂಗಳಾ."

"ಮ್ಯಾನೇಜರ್ ಆದಾಗಿಂದ ಸರಿಯಾಗ್ ನಿದ್ದೆ ಬಂದಿರ್ಲಿಲ್ಲ ಕಣೇ. ನೆನ್ನೆ ಬಂತು," ಎಂದರು ಸರ್ವಮಂಗಳಮ್ಮ.

ಹೊಸ ಮ್ಯಾನೇಜರಿಗೆ ತಿರುಗುವ ಕುರ್ಚಿ ಬಂತು. ನಾನು ಕೆಳಗಿನ ಗೋದಾಮಿನಲ್ಲಿ, ಬಟ್ಟೆ ಚೂರುಗಳ ಮೂಟೆಗೆ ಒರಗಿ ಹಳಬನಾಗುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಮತ್ತೆ ಕರೆಂಟು ಹೋದಾಗ, ಮಹಡಿಯ ಮಿಷನ್ನುಗಳು ಒಂದೊಂದಾಗಿ ನಿಂತವು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಹೆಂಗಸರು ತಾವಾಗಿಯೇ ಎದ್ದು ನೆರಳಿಗೆ ಇಳಿದು ಬರುತ್ತಿದ್ದರು. ಅವರ ಹೆಜ್ಜೆ ಸದ್ದು ಕೇಳುತ್ತಾ, ನಾನು ಯಾರ ಕುರ್ಚಿಯಾಗಿದ್ದೆ ಎಂದು ನೆನೆದು ಹೆಮ್ಮೆಪಟ್ಟೆ.