ಸೋಯಾ ಕಾಫಿಯ ಮೇಲೊಂದು ಚಮಚ ನೊರೆ

ಬಹಳ ಖುಷಿಯಾದರೆ 'ಹಾಲು ಕುಡಿದಷ್ಟು ಸಂತೋಷವಾಯಿತು' ಎನ್ನುವುದು ನಮ್ಮ ಮಾತಿನ ವಾಡಿಕೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಆ ಹೆಂಗಸಿನ ಮುಂದೆ ಯಾರಾದರೂ ಹಾಗೆಂದರೆ ಅವಳು ನಕ್ಕು, "ಪುಣ್ಯವಂತರಪ್ಪ ನೀವು" ಎನ್ನುತ್ತಿದ್ದಳು. ಹಾಲು, ಬೆಣ್ಣೆ, ಮೊಸರು ಯಾವುದೂ ಅವಳ ಮೈಗೆ ಆಗಿಬರುತ್ತಿರಲಿಲ್ಲ. ಒಂದು ತೊಟ್ಟು ನಾಲಿಗೆಗೆ ತಾಗಿದರೂ ತುಟಿ ಊದಿ, ಗಂಟಲು ಬಿಗಿದು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಅವಳ ಕೈಚೀಲದಲ್ಲಿ ತುರ್ತಿಗೆಂದು ಸದಾ ಒಂದು ಚುಚ್ಚುಮದ್ದು ಇರುತ್ತಿತ್ತು.

ವಾರಕ್ಕೊಮ್ಮೆ, ಬಾಗಿಲು ತೆರೆಯುವ ಮುನ್ನ, ಅಂಗಡಿಯ ಯಜಮಾನರು ಕೆಲಸದವರನ್ನೆಲ್ಲ ಪಕ್ಕದ ಕಾಫಿ ಅಂಗಡಿಗೆ ಕರೆದೊಯ್ಯುತ್ತಿದ್ದರು. ಯಾರಿಗೆ ಯಾವ ಕೆಲಸ, ಯಾರಿಗೆ ರಜೆ, ಯಾವ ಗಿರಾಕಿಯ ತಕರಾರು ಏನು, ಎಲ್ಲವೂ ಆ ಮೇಜಿನ ಸುತ್ತಲೇ ತೀರ್ಮಾನವಾಗುತ್ತಿತ್ತು. ಉಳಿದವರ ಮುಂದೆ ನೊರೆ ತುಂಬಿದ ಕಾಫಿ, ಇವಳ ಮುಂದೆ ಬಿಸಿನೀರು. ಹೀಗೆ ಅವಳಿಗೆ 'ಬಿಸಿನೀರಕ್ಕ' ಎಂಬ ಹೆಸರು ಬಿತ್ತು. ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಆದರೆ ಅಂಥ ಘಮದ ನಡುವೆ ಕುಳಿತು ಬಿಸಿನೀರನ್ನು ಊದಿ ಊದಿ ಕುಡಿಯುವವರಿಗೆ ಆಸೆ ಇರುವುದಿಲ್ಲವೇ?

ಅಲ್ಲಿ ಕಾಫಿ ಮಾಡುತ್ತಿದ್ದವನನ್ನು ಎಲ್ಲರೂ 'ನೊರೆ ಮೇಷ್ಟ್ರು' ಎಂದು ಕರೆಯುತ್ತಿದ್ದರು. ನೊರೆ ಸುರಿಯುತ್ತ ಸುರಿಯುತ್ತಲೇ ಕಪ್ಪಿನ ಮೇಲೆ ಎಲೆ, ಹೂವು, ಹಂಸ ಮೂಡಿಸುವುದರಲ್ಲಿ ಅವನದು ಎತ್ತಿದ ಕೈ. ಒಂದು ದಿನ ಗೋಡೆಯ ಮೇಲೆ 'ಸೋಯಾ ಹಾಲಿನಲ್ಲೂ ಮಾಡಿಕೊಡುತ್ತೇವೆ' ಎಂಬ ಹೊಸ ಹಲಗೆ ಕಂಡಿತು. ಬಿಸಿನೀರಕ್ಕ ತಗ್ಗಿದ ದನಿಯಲ್ಲಿ, "ನನಗೆ ಸೋಯಾದಲ್ಲಿ ಒಂದು" ಎಂದಳು. ಕಾರಣ ಹೇಳಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಅಷ್ಟು ಜನರೆದುರು ತನ್ನ ಕಾಯಿಲೆಯ ಪುರಾಣ ಬಿಚ್ಚಲು ಅವಳಿಗೆ ನಾಚಿಕೆಯಾಯಿತು.

ಚೆಂದದ ಎಲೆ ಹೊತ್ತ ಕಪ್ ಬಂತು. "ಬಿಸಿನೀರಕ್ಕನಿಗೆ ಬಡ್ತಿ!" ಎಂದು ಗೆಳತಿಯರು ಚಪ್ಪಾಳೆ ತಟ್ಟಿದರು. ಎರಡನೆಯ ಗುಟುಕಿಗೆ ತುಟಿ ಚುರುಗುಟ್ಟಿತು. ಇನ್ನೊಂದು ಗಳಿಗೆಗೆ ಮಾತು ಹೊರಡಲಿಲ್ಲ. ಅವಳೇ ಕೈಚೀಲದಿಂದ ಮದ್ದು ತೆಗೆದು ತೊಡೆಗೆ ಚುಚ್ಚಿಕೊಂಡಳು. ಆಂಬುಲೆನ್ಸ್ ಬಂತು, ಆಸ್ಪತ್ರೆಯಾಯಿತು, ಜೀವ ಉಳಿಯಿತು.

ಕೆಲಸಕ್ಕೆ ಮರಳಿದ ದಿನ ಯಜಮಾನರು, "ನೀವಿನ್ನು ಆ ಕಾಫಿ ಅಂಗಡಿ ಕಡೆ ಬರೋದೇ ಬೇಡಮ್ಮ. ಇಲ್ಲೇ ಆರಾಮಾಗಿರಿ. ಏನು ತೀರ್ಮಾನ ಆಯ್ತು ಅಂತ ನಾವೇ ಬಂದು ಹೇಳ್ತೀವಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ವಾರ ಅವಳು ಖಾಲಿ ಅಂಗಡಿಯಲ್ಲಿ ಕುಳಿತು ಮಸೂರ ಒರೆಸಿದಳು. ಎಲ್ಲರೂ ನಗುತ್ತ ಮರಳಿ ಬಂದು, ಕಣ್ಣು ನೋಡುವ ಹೊಸ ಯಂತ್ರದ ತರಬೇತಿಗೆ ಅವಳಿಗಿಂತ ಕಿರಿಯನೊಬ್ಬನನ್ನು ಕಳಿಸುವುದೆಂದು ನಿರ್ಧಾರವಾಗಿದೆ ಎಂದರು. "ನೀವಿರಲಿಲ್ಲವಲ್ಲ, ಕೇಳೋಕಾಗ್ಲಿಲ್ಲ" ಎಂದರು. ಕಣ್ಣು ಪರೀಕ್ಷೆಯಲ್ಲಿ ಅಂಗಡಿಗೆಲ್ಲ ಹಿರಿಯಳು ಅವಳು. ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಗಂಡ ಅವಳ ಮಾತು ಕೇಳಿ ತಟ್ಟೆ ಸರಿಸಿದ.

"ಮತ್ತೆ ಅಲ್ಲಿಗೆ ಹೋಗ್ತೀನಿ ಅಂತೀಯಲ್ಲ, ನಿನಗೇನು ತಲೆ ಕೆಟ್ಟಿದ್ಯಾ? ಕಾಫಿ ಬೇಕಾದ್ರೆ ಮನೇಲಿ ನಾನು ಮಾಡ್ಕೊಡಲ್ವಾ? ಆಸ್ಪತ್ರೆ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೋನು ನಾನು ಕಣೇ."

"ನಿಮ್ಮ ಭಯ ಸುಳ್ಳು ಅಂದ್ನಾ? ಆದ್ರೆ ಅಲ್ಲಿ ಬೇಡ, ಇಲ್ಲಿ ಬೇಡ ಅಂತ ಒಂದೊಂದೇ ಜಾಗ ಬಿಡ್ತಾ ಹೋದ್ರೆ ಕೊನೆಗೆ ನನಗೆ ಈ ಅಡುಗೆಮನೆ ಕುರ್ಚಿ ಒಂದೇ ಉಳಿಯುತ್ತೆ."

"ಹೋಗು, ಕೂತ್ಕೋ. ಬಿಸಿನೀರೇ ಕುಡಿ."

"ಅವರು ಆಗಲ್ಲ ಅಂದ್ರೆ ಬಿಸಿನೀರೇ ಕುಡೀತೀನಿ. ಡಾಕ್ಟರನ್ನೂ ಕೇಳಿದೀನಿ. ಪಾತ್ರೆ, ಚಮಚ, ಒರೆಸೋ ಬಟ್ಟೆ ಎಲ್ಲಾ ಬೇರೆ ಇದ್ರೆ ಮಾತ್ರ ಅಂದ್ರು. ಅನುಮಾನ ಬಂದ್ರೆ ಮುಟ್ಟಬೇಡಿ ಅಂದ್ರು. ಹೋದ ಸಲ ನಾನು ಬಾಯೇ ಬಿಡಲಿಲ್ಲ. ಈ ಸಲ ಕೇಳದೆ ಬಿಡಲ್ಲ."

ಗಂಡ ತಟ್ಟೆಯಲ್ಲಿ ಉಳಿದಿದ್ದನ್ನು ತಿಂದು ಮುಗಿಸಿದ. "ಮದ್ದು ಎರಡು ಇಟ್ಕೋ ಹಾಗಾದ್ರೆ" ಎಂದು ಎದ್ದು ಕೈತೊಳೆಯಲು ಹೋದ.

ಮರುದಿನ ಮಧ್ಯಾಹ್ನ, ಜನವಿಲ್ಲದ ಹೊತ್ತು ನೋಡಿ ಅವಳು ಕಾಫಿ ಅಂಗಡಿಗೆ ಹೋದಳು. ಅವಳನ್ನು ಕಂಡು ನೊರೆ ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ಅಕ್ಕಾ, ದೂರು ಕೊಡೋಕೆ ಬಂದ್ರಾ?"

"ಕಾಫಿ ಕೇಳೋಕೆ ಬಂದೆ."

"ಬೇಡಕ್ಕ, ಕೈ ಮುಗೀತೀನಿ. ಬಿಸಿನೀರು ಎಷ್ಟು ಬೇಕಾದ್ರೂ ಕೊಡ್ತೀನಿ."

"ಮೊದಲು ಅವತ್ತು ಏನಾಯ್ತು ಅಂತ ಹೇಳಿ. ಬೈಯೋಕೆ ಅಲ್ಲ, ನನಗೆ ಗೊತ್ತಾಗಬೇಕು."

ಅವನು ತಲೆ ತಗ್ಗಿಸಿ ಹೇಳಿದ. ಸೋಯಾ ಹಾಲಿನ ನೊರೆ ಅವನ ಕೈಗಿನ್ನೂ ಒಗ್ಗಿರಲಿಲ್ಲ. ಕಪ್ಪಿನ ಮೇಲೆ ಎಲೆ ಮೂಡದೆ ಒಡೆದುಹೋಗಿತ್ತು. ಬೋಳು ಕಪ್ ಕೊಟ್ಟರೆ ತನ್ನ ಮರ್ಯಾದೆ ಏನಾಗಬೇಕೆಂದು ಪಕ್ಕದ ಜಗ್ಗಿನಿಂದ ಮಾಮೂಲಿ ಹಾಲಿನ ನೊರೆಯನ್ನು ಒಂದು ಚಮಚ ಎತ್ತಿ ಮೇಲೆ ಹರಡಿ, ಕಡ್ಡಿಯಿಂದ ಎಲೆ ತಿದ್ದಿದ್ದ.

"ಒಂದೇ ಒಂದು ಚಮಚ ಅಕ್ಕ. ನೀವು ರುಚಿಗೆ ಸೋಯಾ ಕೇಳಿದ್ರಿ ಅಂದ್ಕೊಂಡೆ." ಹೇಳುತ್ತ ಹೇಳುತ್ತ ಅವನ ದನಿಯೂ ಏರಿತು. "ದಿನಾ ಎಷ್ಟು ಜನ ಹಾಲು ಬೇಡ ಅಂತಾರೆ ಗೊತ್ತಾ? ಅದೇ ಬಾಯಲ್ಲಿ ಕ್ರೀಮ್ ಕೇಕ್ ತಿಂತಾರೆ. ಕೆಲವರಿಗೆ ಫ್ಯಾಷನ್ನು, ಕೆಲವರಿಗೆ ಹೊಟ್ಟೆ ಉಬ್ಬರ. ಯಾರದ್ದು ನಿಜ ಅಂತ ನಾನು ಹೆಂಗೆ ಕಂಡುಹಿಡೀಲಿ? ನಿಮ್ಮ ಹಣೆ ಮೇಲೆ ಬರ್ದಿತ್ತಾ?"

"ಇರಲಿಲ್ಲ. ಬಾಯಲ್ಲಿ ಹೇಳ್ಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು" ಎಂದಳು ಬಿಸಿನೀರಕ್ಕ. "ಆದ್ರೆ ಯಾರದ್ದು ನಿಜ ಅಂತ ನೀವ್ಯಾಕೆ ಕಂಡುಹಿಡೀಬೇಕು? ಹಾಲು ಅರಗದೇ ಇರೋರು ಒಂದು ದಿನ ಹೊಟ್ಟೆ ಹಿಡ್ಕೊಂಡು ಕೂರ್ತಾರೆ. ನನಗೆ ಉಸಿರೇ ನಿಲ್ಲುತ್ತೆ. ಇಬ್ಬರಿಗೂ ಕೇಳಿದ್ದನ್ನೇ ಕೊಟ್ರೆ ಮುಗೀತಲ್ಲ."

"ನೊರೆ ಎಬ್ಬಿಸೋ ಈ ಕೊಳವೆಯಿಂದ ಅಷ್ಟು ಬಿಸಿ ಆವಿ ಬರುತ್ತೆ. ಅಂಟಿಕೊಂಡಿರೋ ಹಾಲೆಲ್ಲ ಸುಟ್ಟು ಹೋಗಲ್ವಾ?"

"ಅದೇನು ಕ್ರಿಮಿನಾ, ಸಾಯೋಕೆ? ಎಷ್ಟು ಕಾಯಿಸಿದ್ರೂ ಹಾಲು ಹಾಲೇ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ. ನನ್ನ ಪಾಲಿಗೆ ಮಾತ್ರ, ತೊಳೆದಿದ್ದನ್ನ ಕಣ್ಣಾರೆ ನೋಡೋ ತನಕ ಬೆಳ್ಳಗಿರೋದೆಲ್ಲ ಹಾಲೇ."

ಅವನಿಗೆ ನಗು ಬಂತು. ನಕ್ಕಿದ್ದಕ್ಕೆ ತಾನೇ ನಾಚಿ ಯಂತ್ರದ ಕಡೆ ತಿರುಗಿದ. "ಬೆಳಗಿನ ಹೊತ್ತು ಸಾಲು ಬಾಗಿಲ ತನಕ ನಿಂತಿರುತ್ತೆ ಅಕ್ಕ. ಆಗ ನಿಮ್ಮೊಬ್ಬರಿಗೋಸ್ಕರ ಎಲ್ಲಾ ತೊಳೀತಾ ನಿಂತ್ರೆ ಜನ ನನ್ನ ಹರ್ಕೊಂಡು ತಿಂತಾರೆ."

"ಆಗಲ್ಲ ಅನ್ನಿಸಿದ್ರೆ ಆಗಲ್ಲ ಅಂತ ಮುಖಕ್ಕೆ ಹೇಳಿ. ನನಗೆ ಖಂಡಿತ ಬೇಜಾರಿಲ್ಲ. ಆದ್ರೆ ಆಗುತ್ತೆ ಅಂತ ಒಪ್ಕೊಂಡು ಅರ್ಧಂಬರ್ಧ ಮಾತ್ರ ಮಾಡ್ಬೇಡಿ."

ಅವನು ಒಳಗೆ ಹೋದ. ಒಳಗಿನಿಂದ ಹೊಸ ಜಗ್ಗೊಂದನ್ನು ತಂದು, ಅದರ ಹಿಡಿಗೆ ಕೆಂಪು ಪಟ್ಟಿ ಸುತ್ತಿ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟ.

ಆ ವಾರದ ಸಭೆಯ ಬೆಳಿಗ್ಗೆ ಅವಳೂ ಎಲ್ಲರೊಂದಿಗೆ ಹೊರಟಳು. ಯಜಮಾನರು ಬೇಡವೆನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ ಮುಂದೆ ನಡೆದರು. ಕಾಫಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತನ್ನ ಸರದಿ ಬಂದಾಗ ಅವಳು ದನಿ ತಗ್ಗಿಸಲಿಲ್ಲ.

"ನನಗೆ ಹಾಲಿನ ಅಲರ್ಜಿ ಇದೆ. ಒಂದು ಹನಿ ಬಿದ್ರೂ ಆಸ್ಪತ್ರೆ ಸೇರ್ಬೇಕಾಗುತ್ತೆ. ಸೋಯಾದಲ್ಲಿ ಒಂದು ಕಾಫಿ ಬೇಕು. ಬೇರೆ ಜಗ್ಗು, ಬೇರೆ ಚಮಚ, ಬೇರೆ ಬಟ್ಟೆ. ಕೊಳವೆ ಚೆನ್ನಾಗಿ ತೊಳೀಬೇಕು. ಈಗ ಆಗುತ್ತಾ?"

ಸಾಲಿಗೆ ಸಾಲೇ ಕೇಳಿಸಿಕೊಂಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

"ಆಗುತ್ತೆ" ಎಂದ ನೊರೆ ಮೇಷ್ಟ್ರು.

"ಒಂದು ಕಾಫಿಗೆ ಇಷ್ಟು ದೊಡ್ಡ ರಾಮಾಯಣನಾ?" ಹಿಂದಿದ್ದ ದಪ್ಪ ಮೀಸೆಯವನು ಗೊಣಗಿದ. "ನಮಗೂ ಕೆಲಸ ಇದೆಯಮ್ಮ."

ಅವಳು ತಿರುಗಿ ನೋಡಿದಳು. "ನನಗೂ ಇದೆ. ಇವರು ಅವಸರ ಮಾಡಿದ್ರೆ ಕೆಲಸಕ್ಕೆ ಹೋಗೋ ಬದಲು ಆಂಬುಲೆನ್ಸ್ ಹತ್ತಬೇಕಾಗುತ್ತೆ. ಸ್ವಲ್ಪ ತಡ್ಕೊಳ್ಳಿ."

ಮೀಸೆಯವನು ಗಡಿಯಾರ ನೋಡಿಕೊಂಡ. ಅತ್ತ ಮೇಜಿನಿಂದ ಯಜಮಾನರು, "ನಾವು ಶುರು ಮಾಡ್ತಿರ್ತೀವಿ, ನೀವು ನಿಧಾನಕ್ಕೆ ಬನ್ನಿ" ಎಂದು ಕೂಗಿದರು.

"ಬೇಡ ಸಾರ್" ಎಂದು ಅವಳೂ ಕೂಗಿಯೇ ಹೇಳಿದಳು. "ತರಬೇತಿ ವಿಷಯ ಇನ್ನೊಂದ್ಸಲ ಮಾತಾಡ್ಬೇಕು. ನಾನು ಬಂದ್ಮೇಲೆ ಶುರು ಮಾಡಿ."

ಯಜಮಾನರು ಕಕ್ಕಾಬಿಕ್ಕಿಯಾಗಿ ತೆರೆದ ಪೆನ್ನಿಗೆ ಮುಚ್ಚಳ ಹಾಕಿದರು.

ನೊರೆ ಮೇಷ್ಟ್ರು ಕೈ ತೊಳೆದ. ಕೊಳವೆ ತೊಳೆದ. ಕೆಂಪು ಪಟ್ಟಿಯ ಜಗ್ಗಿಗೆ ಹೊಸ ಡಬ್ಬಿಯಿಂದ ಸೋಯಾ ಹಾಲು ಸುರಿದ. ಅವನ ಕೈಗಳು ಎತ್ತರದ ಯಂತ್ರದ ಮರೆಯಲ್ಲಿದ್ದವು. ಅವಳು ಎಷ್ಟು ಕತ್ತು ಚಾಚಿದರೂ ಎಲ್ಲವೂ ಕಾಣುತ್ತಿರಲಿಲ್ಲ. ಕಾಫಿ ಸಿದ್ಧವಾಯಿತು. ಕಪ್ ಹಿಡಿದು ಅವಳತ್ತ ಚಾಚಿದವನು ಅರ್ಧದಲ್ಲೇ ನಿಂತ.

ಅವನ ಇನ್ನೊಂದು ಕೈಯಲ್ಲಿದ್ದದ್ದು ಹಳೆಯ ಬಟ್ಟೆ. ಬೆಳಗಿನಿಂದ ಹಾಲು ಒರೆಸುತ್ತಿದ್ದ ಬಟ್ಟೆ. ತೊಳೆದ ಕೊಳವೆಯನ್ನು ಜಗ್ಗಿಗೆ ಇಳಿಸುವ ಮುನ್ನ ಅಭ್ಯಾಸಬಲದಿಂದ ಅದರಲ್ಲೇ ಒಮ್ಮೆ ಒರೆಸಿಬಿಟ್ಟಿದ್ದ. ಅವಳು ನೋಡಿರಲಿಲ್ಲ, ಸಾಲಿನಲ್ಲಿದ್ದ ಯಾರೂ ನೋಡಿರಲಿಲ್ಲ. ಅವನು ಬಾಗಿಲ ತನಕ ನಿಂತ ಜನರನ್ನು ನೋಡಿದ, ಗಡಿಯಾರ ನೋಡಿಕೊಳ್ಳುತ್ತಿದ್ದ ಮೀಸೆಯವನನ್ನು ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ ಅಷ್ಟೂ ಕಾಫಿಯನ್ನು ಸಿಂಕಿಗೆ ಸುರಿದ.

"ಅಕ್ಕಾ, ಹಳೇ ಬಟ್ಟೇಲಿ ಒರೆಸಿಬಿಟ್ಟೆ" ಎಂದ, ಎಲ್ಲರಿಗೂ ಕೇಳುವ ಹಾಗೆ. "ಇನ್ನೊಂದು ಮಾಡ್ತೀನಿ. ಕಾಯ್ತೀರಾ?"

ಹಿಂದಿನವರೆಲ್ಲ ಉಸ್ಸಪ್ಪಾ ಎಂದರು. ಬಿಸಿನೀರಕ್ಕ ನಿಂತ ಜಾಗ ಬಿಟ್ಟು ಕದಲಲಿಲ್ಲ.

"ಕಾಯ್ತೀನಿ" ಎಂದಳು.

ಅವನು ಹಳೆಯ ಬಟ್ಟೆಯನ್ನು ಬುಟ್ಟಿಗೆಸೆದು, ನಲ್ಲಿ ತಿರುಗಿಸಿ, ಮತ್ತೆ ಮೊದಲಿನಿಂದ ಕೈ ತೊಳೆಯತೊಡಗಿದ.