ಕಿಟಕಿಯಾಚೆಯ ಫೈನಲ್

ನನ್ನ ಗಂಡ ಟಿವಿ ನೋಡಿದರೆ ದೇಶ ಸೋಲುತ್ತದೆ. ಇದು ನನ್ನ ಮಾತಲ್ಲ. ನಮ್ಮ ಇಸ್ತ್ರಿ ಅಂಗಡಿಯಲ್ಲಿ ಬಂದು ಕೂರುವ ಮೂವರು ಮಹಾಪಂಡಿತರ ತೀರ್ಮಾನ. ಒಬ್ಬರು ರಿಟೈರ್ ಆದ ಲೆಕ್ಕದ ಮೇಷ್ಟ್ರು. ಇನ್ನೊಬ್ಬ ಪಕ್ಕದ ಅಂಗಡಿಯ ಬೀಗ ರಿಪೇರಿಯವನು. ಮೂರನೆಯವನು ನನ್ನ ಸ್ವಂತ ಮೈದುನ, ಬಸ್ ಡ್ರೈವರ್. ಬಾಸ್ಕೆಟ್‌ಬಾಲ್ ಇದ್ದ ದಿನ ಅವನಿಗೆ ತಪ್ಪದೆ ಜ್ವರ ಬರುತ್ತದೆ.

ತೀರ್ಮಾನಕ್ಕೆ ಆಧಾರ ಏನೆಂದು ಕೇಳಿ. ಒಲಿಂಪಿಕ್ಸ್‌ಗೆ ಆಯ್ಕೆಯಾಗಲು ಆಡಿದ ಪಂದ್ಯಗಳಲ್ಲಿ ನಮ್ಮ ಹುಡುಗಿಯರ ತಂಡ ಮೊದಲು ಸೋತಿತು, ಮತ್ತೆ ಸೋತಿತು. ಇನ್ನೊಂದರಲ್ಲೂ ಸೋಲುವ ಹಾದಿಯಲ್ಲಿದ್ದಾಗ ಹಿಂದಿನ ಕೋಣೆಯ ಹಬೆಯ ಪೈಪು ಸೋರತೊಡಗಿ, ನನ್ನವರು ಅದನ್ನು ನೋಡಲು ಎದ್ದು ಹೋದರು. ಕೈ ಒರೆಸಿಕೊಂಡು ವಾಪಸು ಬರುವಷ್ಟರಲ್ಲಿ ತಂಡ ಗೆದ್ದು ಈ ಪಂಡಿತರೆಲ್ಲ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಮುಂದಿನ ಪಂದ್ಯದಲ್ಲಿ ಪರೀಕ್ಷೆಗೆಂದು ನನ್ನವರನ್ನು ಹೊರಗೆ ನಿಲ್ಲಿಸಿದರು, ಅದರಲ್ಲೂ ತಂಡ ಗೆದ್ದಿತು. ಜೀವನವೆಲ್ಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು, "ಇನ್ನೇನು ಬೇಕು, ಸಾಬೀತಾಯ್ತಲ್ಲ" ಎಂದುಬಿಟ್ಟರು. ಅಲ್ಲಿಂದಾಚೆಗೆ ಆಟ ಶುರುವಾಯಿತೆಂದರೆ ಅಂಗಡಿಯ ಯಜಮಾನ ಅಂಗಡಿಯಿಂದ ಆಚೆ. ಅಂಗಡಿಯ ಪಕ್ಕದ ಗಲ್ಲಿಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ತಿರುಗುತ್ತಿರುತ್ತಾರೆ. ಒಳಗೆ ಕೂಗು ಎದ್ದಾಗ ಅದು ಸಂತೋಷದ್ದೋ ದುಃಖದ್ದೋ ಎಂದು ಕಿವಿ ನಿಮಿರಿಸಿ ನಿಲ್ಲುತ್ತಾರೆ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ತಂಡದ ಬೆಂಚಿನ ಕೊನೆಯಲ್ಲಿ ಕೂರುವವಳು ನಮ್ಮ ಮಗಳು. ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುವುದು ಇದಕ್ಕೇ. ಮಗಳು ಒಲಿಂಪಿಕ್ಸ್‌ಗೆ ಹೋದಳು, ಅಪ್ಪ ಗಲ್ಲಿಗೆ ಹೋದ.

ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ನಮ್ಮತ್ತೆ ಅವಳನ್ನು ಗುಬ್ಬಿ ಎಂದು ಕರೆದರು. ಆ ಗುಬ್ಬಿ ಈಗ ನಮ್ಮ ಮನೆಯ ಬಾಗಿಲು ದಾಟಲು ತಲೆ ತಗ್ಗಿಸಬೇಕು. ಹೋದ ವರ್ಷ ಅವಳ ಬಲಮಂಡಿಗೆ ಆಪರೇಷನ್ ಆಯಿತು. ಊರುಗೋಲು ಬಿಟ್ಟ ಮೇಲೆ ನನ್ನವರು ದಿನಾ ಅವಳಿಗೆ ಇಸ್ತ್ರಿ ಮೇಜಿನ ಅಂಚು ಹಿಡಿಸಿ ಕೂರಿಸುವುದು, ಏಳಿಸುವುದು, ಆಮೇಲೆ ನಿಂತಲ್ಲೇ ಒಂದಿಷ್ಟು ನೆಗೆಸುವುದು. ನೆಗೆದವಳು ಇಳಿಯುವಾಗ ಮೈಭಾರವನ್ನೆಲ್ಲ ಎಡಗಾಲಿಗೇ ಹಾಕುತ್ತಿದ್ದಳು. ಬಲಗಾಲು ನೆಲ ಮುಟ್ಟಿದಂತೆ ನಟಿಸುತ್ತಿತ್ತು, ಅಷ್ಟೆ. "ಎರಡೂ ಕಾಲು ಊರು, ಮಗಳೇ" ಎಂದು ಇವರು ಅಂಗಿಯ ಕಾಲರ್ ತೀಡುತ್ತಲೇ ಹೇಳುತ್ತಿದ್ದರು. ಈ ಹೆದರಿಕೆ ಹೋಗದಿದ್ದರೆ ಇನ್ನೊಂದು ಮಂಡಿಯೂ ಹೋಗುತ್ತದೆ, ಜೊತೆಗೆ ಆಟವೂ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹೆದರಿಕೆ ಹೋಗುವ ಮೊದಲೇ ತಂಡದ ಶಿಬಿರದಿಂದ ಕರೆ ಬಂತು, ಹೊರಟಳು. ಫೋನಿನಲ್ಲಿ ಕೇಳಿದರೆ "ಎಲ್ಲ ಸರಿಯಾಗಿದೆ ಅಪ್ಪ" ಎನ್ನುತ್ತಾಳೆ. ಹೆತ್ತವರಿಗೆ ಬೇರೆ ಏನಾದರೂ ಹೇಳುವ ಮಕ್ಕಳನ್ನು ಯಾರಾದರೂ ಕಂಡಿದ್ದಾರೆಯೇ?

ಅಂತೂ ನನ್ನ ಗಂಡನಿಗೆ ಬೇಕಾಗಿದ್ದದ್ದು ಒಂದೇ. ಅವಳು ನೆಗೆದು ಹೇಗೆ ಇಳಿಯುತ್ತಾಳೆ ಎಂದು ಕಣ್ಣಾರೆ ನೋಡಬೇಕು. ಪದಕಕ್ಕಿಂತ ಹೆಚ್ಚಾಗಿ ಅದು ಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಸೆಮಿಫೈನಲ್ ದಿನ ಮುಖ್ಯ ಆಟಗಾರ್ತಿಯೊಬ್ಬಳು ಫೌಲುಗಳ ಮಿತಿ ಮುಗಿದು ಹೊರಬಿದ್ದಳು, ಕೋಚು ಗುಬ್ಬಿಯನ್ನು ಇಳಿಸಿದರು. ನಾನು ಎಂದಿನಂತೆ ಟಿವಿಗೆ ಬೆನ್ನು ಹಾಕಿ ಪ್ಯಾಂಟುಗಳ ಗೆರೆ ಕೂರಿಸುತ್ತಿದ್ದೆ. ನನಗೆ ನೋಡುವ ಧೈರ್ಯವಿಲ್ಲ, ಎದ್ದು ಹೋಗುವ ಧೈರ್ಯವೂ ಇಲ್ಲ. ಮೈದುನ "ಅತ್ತಿಗೇ, ಗುಬ್ಬಿ!" ಎಂದು ಕಿರುಚಿದಾಗ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ತಿರುಗುವಷ್ಟರಲ್ಲಿ ಚೆಂಡು ಬುಟ್ಟಿಯೊಳಗಿತ್ತು. ಸ್ವಲ್ಪ ಹೊತ್ತಿಗೆ ಪಂದ್ಯವೂ ಮುಗಿದು ನಮ್ಮವರು ಗೆದ್ದಿದ್ದರು. ನಮ್ಮ ದೇಶ ಒಲಿಂಪಿಕ್ಸ್‌ನ ಫೈನಲ್‌ಗೆ! ಇಡೀ ಬೀದಿ ಹಾರ್ನ್ ಹೊಡೆಯತೊಡಗಿತು.

ಇವರು ಗಲ್ಲಿಯಿಂದ ಓಡಿಬಂದರು. "ಗುಬ್ಬಿ ಆಡಿದ್ಲಾ?"

"ಆಡಿದ್ಲಾ ಅಂತ ಕೇಳ್ತೀರಲ್ಲ, ಗೆಲ್ಸಿದ್ದೇ ಅವಳು ಅನ್ನಿ!" ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮೂಲೆಯಿಂದ ಎಸೆದ್ಲು ಅಣ್ಣ, ಅಬ್ಬಬ್ಬಾ" ಎಂದ ಮೈದುನ.

"ಎಲ್ಲಿಯ ಮೂಲೆ? ಎದುರಿಂದ ಎಸೆದಿದ್ದು" ಎಂದ ಬೀಗದವನು. "ಬಸ್ಸಿನ ಕನ್ನಡೀಲಿ ನೋಡಿ ನೋಡಿ ನಿಂಗೆ ಎಲ್ಲ ಉಲ್ಟಾ ಕಾಣುತ್ತೆ."

"ನೀನು ಬೀಗದ ತೂತಲ್ಲಿ ನೋಡೋನು, ನಿಂಗೆ ಮೂಲೆ ಹೇಗೆ ಕಾಣ್ಬೇಕು?"

ಇವರು ಇಬ್ಬರ ನಡುವೆ ನಿಂತು ಕೇಳಿದರು. "ಎಸೆದ ಮೇಲೆ ಹೇಗೆ ಇಳಿದ್ಲು?"

"ಇಳಿಯೋದು ಅಂದ್ರೆ?"

"ನೆಗೆದೇ ಎಸೆದಿರ್ತಾಳಲ್ಲ. ನೆಲಕ್ಕೆ ಬಂದಾಗ ಎರಡೂ ಕಾಲು ಊರಿದ್ಲಾ, ಒಂದೇನಾ?"

ನಾಲಿಗೆಯ ತುದಿಯಲ್ಲಿ ತಂಡದ ಇತಿಹಾಸವನ್ನೆಲ್ಲ ಇಟ್ಟುಕೊಂಡವರು ಈ ಮೂವರು. ಯಾರು ಯಾವಾಗ ಎಷ್ಟು ಪಾಯಿಂಟ್ ಮಾಡಿದರು, ಯಾವ ರೆಫರಿ ಎಲ್ಲಿ ಮೋಸ ಮಾಡಿದ ಎಂಬುದೆಲ್ಲ ಬಾಯಿಪಾಠ. ನನ್ನ ಮಗಳ ಕಾಲನ್ನು ಮಾತ್ರ ಒಬ್ಬನೂ ನೋಡಿರಲಿಲ್ಲ.

"ಚೆಂಡು ಒಳಗೆ ಹೋಯ್ತಲ್ಲ ಅಣ್ಣ" ಎಂದ ಮೈದುನ ಕೊನೆಗೆ.

ಬೀಗದವನು ಫೋನಿನಲ್ಲಿ ಆ ತುಣುಕು ಹುಡುಕಿ ಮುಂದೆ ಹಿಡಿದ. ಇವರು ಬೆಂಕಿ ಕಂಡವರಂತೆ ಮುಖ ತಿರುಗಿಸಿ, "ಬೇಡ ಬೇಡ, ಫೈನಲ್ ಮುಗೀಲಿ" ಎಂದರು. ನಾನು ಕಸಿದುಕೊಂಡು ನೋಡಿದೆ. ಚೆಂಡು, ಬಲೆ, ಆಮೇಲೆ ಕುಣಿಯುವ ಜನ. ಸೊಂಟದಿಂದ ಕೆಳಗೆ ಮನುಷ್ಯರಿಗೆ ಏನೂ ಇಲ್ಲವೆಂದು ಕ್ಯಾಮೆರಾದವನು ತಿಳಿದಿದ್ದನೋ ಏನೋ.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. "ಫೈನಲ್ ದಿನ ನೀವು ಒಳಗೆ ಕೂತು ನೋಡ್ಬೇಕು."

"ಹುಚ್ಚೇನೇ ನಿಂಗೆ?"

"ಹುಚ್ಚು ಹಿಡಿದಿರೋದು ಯಾರಿಗೆ? ನೀವು ಗಲ್ಲೀಲಿ ನಿಂತಿದ್ದಕ್ಕೆ ಆ ಹುಡುಗೀರು ಗೆದ್ರಾ? ಅವರು ಬೆವರು ಸುರಿಸಿದ್ದು ಸುಳ್ಳಾ?"

"ಈ ನಂಬಿಕೆ ಸುಳ್ಳೇ ಇರ್ಬೋದು ಕಣೇ. ನನಗೂ ಗೊತ್ತು." ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದರು, ತುತ್ತು ಬಾಯಿಗೆ ಹೋಗಿರಲಿಲ್ಲ. "ಆದ್ರೆ ನಾನು ನೋಡಿ ಸೋತ್ರೆ? ಆ ಮಗು ಮನೆಗೆ ಬಂದಾಗ ಯಾವ ಮುಖ ಇಟ್ಕೊಂಡು ಬಾಗಿಲು ತೆಗೀಲಿ?"

ಸುಳ್ಳೆಂದು ಗೊತ್ತಿದ್ದೂ ಹೆದರುವವರಿಗೆ ಏನು ಮದ್ದಿದೆ? ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಬೆಳಗ್ಗೆ ನಾನೇ ಒಂದು ದಾರಿ ಹುಡುಕಿದೆ. ಇಸ್ತ್ರಿ ಮೇಜಿನ ಪಕ್ಕದ ಕಿಟಕಿ ಗಲ್ಲಿಗೇ ತೆರೆಯುತ್ತದೆ. ಅವರು ಕಿಟಕಿಯಾಚೆ ನಿಲ್ಲಲಿ. ನಾನು ಒಳಗಿನಿಂದ ಮಗಳ ಕಾಲನ್ನಷ್ಟೇ ನೋಡಿ ಹೇಳುತ್ತೇನೆ. ಇಷ್ಟು ದಿನ ಬೆನ್ನು ಹಾಕಿ ನಿಂತವಳು ನಾನು, ನನಗೂ ಇದು ಸುಲಭವಿರಲಿಲ್ಲ. ಆದರೆ ಇಬ್ಬರಲ್ಲಿ ಒಬ್ಬರಾದರೂ ನೋಡಬೇಕಲ್ಲ.

ಫೈನಲ್ ಇದ್ದದ್ದು ಬೆಳಗಿನ ಹೊತ್ತು. ಪಂಡಿತರು ತಂತಮ್ಮ ಜಾಗ ಹಿಡಿದಿದ್ದರು. ಬೀಗದವನು ಸೆಮಿಫೈನಲ್ ದಿನ ಹಾಕಿದ್ದ ಅಂಗಿಯನ್ನೇ ಒಗೆಯದೆ ಹಾಕಿಕೊಂಡು ಬಂದಿದ್ದ. ಇಸ್ತ್ರಿ ಅಂಗಡಿಯಲ್ಲಿ ಕೂತು ಅಂಥ ಸುಕ್ಕು ಅಂಗಿ ಹಾಕಲು ಧೈರ್ಯ ಬೇಕು. ನಾನು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ ಟಿವಿಯ ಕಡೆ ತಿರುಗಿದ್ದನ್ನು ಕಂಡು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ನೀವು ನೋಡಿದ್ರೆ ಏನಾಗುತ್ತೆ ಅಂತ ಇನ್ನೂ ಪರೀಕ್ಷೆ ಆಗಿಲ್ವಲ್ಲ..."

"ಟಿವಿ ನಂದು, ಮಗಳು ನನ್ನವಳು. ನನ್ನ ಪರೀಕ್ಷೆ ನೀವು ಮಾಡ್ಬೇಡಿ ಮೇಷ್ಟ್ರೇ."

ಮೈದುನ ನಗು ನುಂಗಿಕೊಂಡ. ಆಟ ಶುರುವಾಯಿತು.

ಗುಬ್ಬಿ ಬೆಂಚಿನಲ್ಲೇ ಇದ್ದಳು. ಕಿಟಕಿಯಾಚೆಯಿಂದ ಘಳಿಗೆಗೊಮ್ಮೆ "ಬಂದ್ಲಾ?" ಎಂಬ ದನಿ. "ಇಲ್ಲ ರೀ, ಬಂದ್ರೆ ಹೇಳ್ತೀನಿ." ಮತ್ತೆ "ಬಂದ್ಲಾ?" ನಾನು ಕೂತರೆ ನಿಲ್ಲಬೇಕೆನ್ನಿಸುತ್ತಿತ್ತು, ನಿಂತರೆ ಕೂರಬೇಕೆನ್ನಿಸುತ್ತಿತ್ತು. ಕೈಗೆ ಸಿಕ್ಕ ಕರವಸ್ತ್ರವನ್ನು ಮಡಿಸಿದೆ, ಬಿಡಿಸಿದೆ, ಮತ್ತೆ ಮಡಿಸಿದೆ. ಒಮ್ಮೆ ನಮ್ಮವರು ಮುಂದೆ, ಒಮ್ಮೆ ಅವರು ಮುಂದೆ. ಮೇಷ್ಟ್ರು ಉಗುರು ಕಚ್ಚುತ್ತಿದ್ದರು. ಬೀಗದವನಂತೂ ಒಂದು ಬೀಗವನ್ನು ಹಾಕಿ ತೆಗೆದು ಹಾಕಿ ತೆಗೆದು ತಲೆ ಚಿಟ್ಟು ಹಿಡಿಸಿದ್ದ. ಬಟ್ಟೆ ಕೇಳಲು ಬಂದ ಗಿರಾಕಿಯೊಬ್ಬರು ಬಟ್ಟೆಯನ್ನು ಮರೆತು ಬಾಗಿಲಲ್ಲೇ ನಿಂತುಬಿಟ್ಟರು.

ಕೊನೆಯ ಭಾಗದಲ್ಲಿ ಕೋಚು ಬೆಂಚಿನ ಕಡೆ ಬೆರಳು ತೋರಿಸಿದರು.

"ಬಂದ್ಲು ರೀ! ನಮ್ಮ ಗುಬ್ಬಿ ಬಂದ್ಲು!"

"ಕಾಲು ಹೇಳು, ಕಾಲು!"

"ಓಡ್ತಿದಾಳೆ. ಚೆನ್ನಾಗೇ ಓಡ್ತಿದಾಳೆ. ಕುಂಟ್ತಿಲ್ಲ."

"ನೆಗೆದ್ಲಾ?"

"ಇನ್ನೂ ಇಲ್ಲ. ಹಾಂ, ಈಗ ನೆಗೆದ್ಲು. ಅಡ್ಡ ಬಂದ್ರು ರೀ ಯಾರೋ, ಕಾಣ್ಲಿಲ್ಲ. ತಾಳಿ, ಮತ್ತೆ ಚೆಂಡು ಅವಳ ಕಡೆಗೇ ಬಂತು..."

ಅವಳು ನೆಗೆದಳು. ಎದುರು ತಂಡದ ಒಬ್ಬಳು ಗೋಡೆಯ ಹಾಗಿದ್ದವಳು ಗಾಳಿಯಲ್ಲೇ ಡಿಕ್ಕಿ ಹೊಡೆದಳು. ನನ್ನ ಮಗಳು ನೆಲಕ್ಕೆ ಬಿದ್ದು ಬಲಮಂಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

ಕಿಟಕಿಯಾಚೆಯಿಂದ ಕೂಗು ಬಂತು.

"ಏನಾಯ್ತು? ಏ, ಏನಾಯ್ತೇ? ಹೇಳೇ!"

ಏನಾದರೂ ಸುಳ್ಳು ಹೇಳೋಣವೆಂದರೂ ದನಿ ಬರಲೊಲ್ಲದು. ಕಿಟಕಿಯಲ್ಲಿ ಅವರ ಮುಖ ಕಂಡಿತು, ಮರುಕ್ಷಣ ಇರಲಿಲ್ಲ. ಬಾಗಿಲಲ್ಲಿದ್ದ ಗಿರಾಕಿಯನ್ನು ಸರಿಸಿ, ತೂಗುಹಾಕಿದ್ದ ಅಂಗಿಗಳ ನಡುವೆ ನುಗ್ಗಿ ನನ್ನ ಗಂಡ ಅಂಗಡಿಯೊಳಗೆ ಬಂದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ಅಣ್ಣಾ, ಬೇಡ!" ಮೈದುನ ಹೌಹಾರಿದ.

"ನಾವು ಮುಂದಿದ್ದೀವಿ ಸ್ವಾಮೀ, ಕೈ ಮುಗೀತೀನಿ, ಸ್ವಲ್ಪ ಹೊತ್ತು ಆಚೆ ಇರಿ!" ಮೇಷ್ಟ್ರು ನಿಜಕ್ಕೂ ಕೈ ಮುಗಿದಿದ್ದರು.

"ಟಿವಿಗೆ ಅಡ್ಡ ನಿಲ್ಲೋದನ್ನಾದ್ರೂ ಬಿಡಿ!" ಎಂದ ಬೀಗದವನು.

ಇವರು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಅಲ್ಲಿ ಗುಬ್ಬಿ ಮೆಲ್ಲಗೆ ಎದ್ದು ನಿಂತಳು. ಕೋಚು ಏನೋ ಕೇಳಿದರು, ಅವಳು ಬೇಡವೆಂದು ಕೈಯಾಡಿಸಿದಳು. ಕಾಲು ಝಾಡಿಸಿದಳು. ಆಟ ಮತ್ತೆ ಶುರುವಾಯಿತು. ಇವರು ಸ್ವಲ್ಪ ಬಗ್ಗಿ ನಿಂತಿದ್ದರು, ತುಟಿ ಅಲುಗುತ್ತಿತ್ತು. ಅವಳು ನೆಗೆದಾಗಲೆಲ್ಲ ಇವರ ಹಿಮ್ಮಡಿ ತಾನಾಗಿ ಮೇಲೇಳುತ್ತಿತ್ತು, ಅವಳು ಇಳಿದಾಗ ಇಳಿಯುತ್ತಿತ್ತು. ನಾನು ಟಿವಿ ಬಿಟ್ಟು ಅವರನ್ನೇ ನೋಡುತ್ತಿದ್ದೆ. ಹಾಗಾಗಿ ಕೊನೆಗೆ ಏನಾಯಿತೆಂದು ನನಗೂ ಸರಿಯಾಗಿ ಗೊತ್ತಾಗಲಿಲ್ಲ. ಎದುರು ತಂಡದವಳು ದೂರದಿಂದ ಎಸೆದ ಚೆಂಡು ಬುಟ್ಟಿಯ ಅಂಚಿನ ಮೇಲೆ ಕುಣಿದು ಒಳಗೆ ಬಿತ್ತಂತೆ, ಆಗಲೇ ಆಟ ಮುಗಿದ ಗಂಟೆ ಹೊಡೆಯಿತಂತೆ. ಒಂದೇ ಒಂದು ಪಾಯಿಂಟಿನ ಅಂತರ.

ಮೈದುನ ತಲೆಯ ಮೇಲೆ ಕೈ ಹೊತ್ತು ನೆಲದಲ್ಲೇ ಕೂತ. ಬೀಗದವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಇನ್ನು ಸ್ವಲ್ಪ ಆಚೆ ನಿಂತಿದ್ರೆ ಏನು ಗಂಟು ಹೋಗ್ತಿತ್ತು" ಎಂದರು ಮೇಷ್ಟ್ರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ತಾವೇ ಸಮಾಧಾನ ಮಾಡಿಕೊಂಡು, "ಬೆಳ್ಳಿ ಅಂದ್ರೆ ಕಮ್ಮಿಯಲ್ಲ ಬಿಡಿ. ಈ ಆಟದಲ್ಲಿ ನಮ್ಮ ದೇಶಕ್ಕೆ ಇದೇ ಮೊದಲ ಪದಕ" ಎಂದರು.

"ಚಿನ್ನ ಕೈಗೆ ಬಂದಿತ್ತು ಮೇಷ್ಟ್ರೇ" ಎಂದ ಮೈದುನ. ಅಣ್ಣನ ಬೆನ್ನನ್ನು ದುರುಗುಟ್ಟಿ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಇವತ್ತು ಒಬ್ಬೊಬ್ಬರಿಗೂ ಗ್ರಹಚಾರ ಬಿಡಿಸೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಇವರು ತಿರುಗಿದರು. ಕಣ್ಣಿಂದ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಮುಖ ಮಾತ್ರ ಅರಳಿತ್ತು. ಸೀದಾ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು.

"ಎರಡೂ ಕಾಲು ಕಣೇ! ಬಿದ್ದು ಎದ್ದ ಮೇಲೂ! ನೆಗೆದಾಗಲೆಲ್ಲ ಎರಡೂ ಕಾಲು ಊರಿದ್ಲು, ನಾನೇ ನೋಡಿದೆ. ಒಂಚೂರೂ ಹೆದರಿಕೆ ಇಲ್ಲ ಅವಳಿಗೆ!"

ಆಮೇಲೆ ಅವರಿಗೆ ಸುತ್ತಲಿನವರು ಕಂಡರು. ನೆಲದ ಮೇಲೆ ಕೂತ ತಮ್ಮ, ಕನ್ನಡಕ ಕೈಯಲ್ಲಿ ಹಿಡಿದ ಮೇಷ್ಟ್ರು, ಬೀಗದವನ ಕೆಂಪು ಮೂಗು.

"ಯಾಕ್ರೋ ಹೀಗೆ ಕೂತಿದ್ದೀರಿ?" ಎಂದು ಕೇಳಿದರು. "ಆಟ ಮುಗೀತಾ? ಯಾರು ಗೆದ್ರು?"



"ಸೋತ್ವಿ ರೀ" ಎಂದೆ ನಾನು. ಅಷ್ಟು ಸಂತೋಷದಿಂದ ಆ ಮಾತನ್ನು ಜನ್ಮದಲ್ಲಿ ಯಾವತ್ತೂ ಹೇಳಿರಲಿಲ್ಲ.